ಹದಿನಾಲ್ಕು ಸಂಪುಟಕ್ಕೆ ಜಾಮೀನು

ಅರಸೀಕೆರೆಯಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಬಾಡಿಗೆ ಲೈಬ್ರರಿ ಇತ್ತು. ಲೈಬ್ರರಿ ಎಂದರೆ ದೊಡ್ಡ ಮಾತಾಯಿತು. ಹೊಲಿಗೆ ಅಂಗಡಿಗೆ ಅಂಟಿಕೊಂಡ ಇಕ್ಕಟ್ಟಿನ ಮಳಿಗೆ, ಮೂರು ಗೋಡೆಗೂ ಹಲಗೆ ಬಡಿದು ಒತ್ತೊತ್ತಾಗಿ ತುರುಕಿದ ಕಾದಂಬರಿಗಳು, ಎಲ್ಲಕ್ಕೂ ಒಂದೇ ಬಣ್ಣದ ರಟ್ಟಿನ ಬೈಂಡು. ಬೈಂಡಿನ ಬೆನ್ನ ಮೇಲೆ ನಂಬರು ಇರುತ್ತಿತ್ತು, ಹೆಸರು ಇರುತ್ತಿರಲಿಲ್ಲ. ಒಳಗೆ ಏನಿದೆ, ಓದುವಂಥದ್ದೇ ಅಲ್ಲವೇ ಎಂದು ತಿಳಿಯಬೇಕಾದರೆ ಮೊದಲ ಹಾಳೆ ತೆರೆದು, ನಮಗಿಂತ ಮುಂಚೆ ಓದಿದವರು ಪೆನ್ಸಿಲಿನಲ್ಲಿ ಬರೆದಿಟ್ಟ ಷರಾ ನೋಡಬೇಕಿತ್ತು. ‘ಸೂಪರ್’. ‘ಬೋರು, ತಗೋಬೇಡಿ’. ‘ಕೊನೇಲಿ ಅಳು ಬರುತ್ತೆ’. ಒಂದು ಪತ್ತೇದಾರಿ ಕಾದಂಬರಿಯ ಮೇಲಂತೂ ಯಾರೋ ಪುಣ್ಯಾತ್ಮರು ಕೊಲೆಗಾರನ ಹೆಸರನ್ನೇ ಬರೆದು ಅಡಿಗೆರೆ ಎಳೆದಿದ್ದರು.

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದ ಪ್ರತಿಯ ಮೇಲೆ ‘ರಾತ್ರಿ ಓದಬೇಡಿ’ ಎಂದಿತ್ತು. ಅದರ ಕೆಳಗೆ ಬೇರೆ ಕೈಬರಹದಲ್ಲಿ: ‘ಹಗಲೂ ಬೇಡ’.

ತೆಲುಗಿನಿಂದ ಬಂದ ಆ ಕಾದಂಬರಿ ಆ ಕಾಲದಲ್ಲಿ ಕನ್ನಡದ ಮನೆಮನೆಯನ್ನೂ ಹೆದರಿಸಿತ್ತು. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ಮಾಟ, ಕಾಷ್ಮೋರಾ ಎಂಬ ಕ್ಷುದ್ರಶಕ್ತಿ. 1985ರಲ್ಲಿ ಕನ್ನಡದಲ್ಲೇ ಸಿನಿಮಾ ಕೂಡ ಬಂದಿತ್ತು. ನಮ್ಮ ಮನೆಯಲ್ಲಿ ಮೊದಲು ಓದಿದವರು ನಮ್ಮ ಸೋದರತ್ತೆ. ಓದಿ ಮುಗಿಸಿ, ಪುಸ್ತಕವನ್ನು ದೇವರ ಕೋಣೆಯ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟರು. ‘ನೀನಿನ್ನೂ ಚಿಕ್ಕೋಳು, ಇದನ್ನ ಮುಟ್ಟಬೇಡ ಕಣೇ’ ಎಂದರು. ಅದಕ್ಕಿಂತ ಗಟ್ಟಿಯಾದ ಶಿಫಾರಸನ್ನು ನಾನು ಇಂದಿಗೂ ಕೇಳಿಲ್ಲ. ಮಾರನೇ ಮಧ್ಯಾಹ್ನ ಅವರು ನಿದ್ದೆ ಹೋದದ್ದೇ ಗೂಡಿಗೆ ಕೈ ಹಾಕಿದೆ. ಮೂರು ದಿನ ಕದ್ದು ಕದ್ದು ಓದಿದೆ. ಕೊನೆಗೆ ಬಂದಾಗ ನೋಡಿದರೆ ಕೊನೆಯ ಫಾರಮ್ಮೇ ಕಿತ್ತುಹೋಗಿತ್ತು. ಮಗು ಬದುಕಿತೋ ಇಲ್ಲವೋ ತಿಳಿಯಲು ಬೇರೆ ದಾರಿ ಕಾಣದೆ, ಕದ್ದದ್ದನ್ನು ಒಪ್ಪಿಕೊಂಡು ಅತ್ತೆಯನ್ನೇ ಕೇಳಿದೆ. ಅವರು ಬೈಯಲಿಲ್ಲ. ಹುರುಳಿಕಾಯಿ ಸೋಸುತ್ತಾ ಅರ್ಧ ಗಂಟೆ ಕೂತು ಕೊನೆಯ ಅಧ್ಯಾಯವನ್ನು ಹೇಳಿದರು.

ಅದರ ಕಥೆ ಆಮೇಲೆ ಹೇಳುತ್ತೇನೆ.

ಒಂದು ಪುಸ್ತಕ ಓದು ಎಂದು ಹೇಳುವುದಕ್ಕೂ ಒಂದು ಸರಣಿ ಓದು ಎಂದು ಹೇಳುವುದಕ್ಕೂ ಅಜಗಜಾಂತರ. ಪುಸ್ತಕ ಹಿಡಿಸದಿದ್ದರೆ ಹೋಗುವುದು ಒಂದು ಭಾನುವಾರ. ಏಳು, ಹತ್ತು, ಹದಿನಾಲ್ಕು ಸಂಪುಟದ ಮಾಯಾಲೋಕದ ಕಥೆಯನ್ನು ಇನ್ನೊಬ್ಬರ ಕೈಗೆ ಹಾಕುವಾಗ ನಾವು ಅವರ ಬದುಕಿನ ಒಂದೆರಡು ವರ್ಷವನ್ನು ಯಾರೋ ಕಾಣದ ಲೇಖಕನಿಗೆ ಸಾಲವಾಗಿ ಕೊಡಿಸುತ್ತಿರುತ್ತೇವೆ. ಊರ ಕಡೆ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದವರಿಗೆ ಇದರ ಬಿಸಿ ಗೊತ್ತು. ಸಾಲ ಪಡೆದವನು ಆರಾಮಾಗಿರುತ್ತಾನೆ. ಸಹಿ ಹಾಕಿದವನು ಸಂತೆಯಲ್ಲಿ ತಲೆ ತಪ್ಪಿಸಿಕೊಂಡು ತಿರುಗುತ್ತಾನೆ. ‘ನೀನು ಹೇಳಿದೆ ಅಂತ ಶುರು ಮಾಡಿದೆ, ಐದನೇ ಪುಸ್ತಕದಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಲ್ವಲ್ಲೋ ಮಾರಾಯ’ ಎಂದು ಗೆಳೆಯನೊಬ್ಬ ಮದುವೆಮನೆಯ ಪಂಕ್ತಿಯಲ್ಲಿ ಗಂಟುಬಿದ್ದಾಗ ಉತ್ತರ ಹೇಳಬೇಕಾದವನು ಲೇಖಕನಲ್ಲವಷ್ಟೆ.

ಬೆಂಗಳೂರಿಗೆ ಬಂದ ಮೇಲೆ ನನಗೆ ಈ ಜಾಮೀನುದಾರರ ದೊಡ್ಡ ಬಳಗವೇ ಸಿಕ್ಕಿತು. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಅಂಗಡಿಯ ಮಹಡಿಯಲ್ಲಿ ಹಳೆಯ ಪೇಪರ್‌ಬ್ಯಾಕುಗಳ ಕಪಾಟಿನ ಮುಂದೆ ನಿಂತಿದ್ದೆ. ಕೈಯಲ್ಲಿ ರಾಬರ್ಟ್ ಜೋರ್ಡನ್ನರ ‘ದಿ ಐ ಆಫ್ ದಿ ವರ್ಲ್ಡ್’. ಪಕ್ಕದಲ್ಲಿದ್ದ ಅಪರಿಚಿತ ಯುವಕ ಕೇಳದೆಯೇ ಬಾಯಿ ಹಾಕಿದ: ‘ತಗೊಳ್ಳಿ ಮೇಡಂ, ಒಳ್ಳೇದು. ಆದ್ರೆ ಎಂಟರಿಂದ ಹತ್ತರವರೆಗೆ ಹಲ್ಲು ಕಚ್ಚಿಕೊಂಡು ಓದ್ಬೇಕು. ಹನ್ನೊಂದರಿಂದ ಮತ್ತೆ ಸರಿಹೋಗುತ್ತೆ.’ ಎಂಟರಿಂದ ಹತ್ತು ಎಂದರೆ ಹತ್ತಿರ ಹತ್ತಿರ ಎರಡು ಸಾವಿರ ಪುಟ! ಅಷ್ಟನ್ನು ಅವನು ‘ಮುಂದೆ ಸ್ವಲ್ಪ ರಸ್ತೆ ಸರಿಯಿಲ್ಲ’ ಎನ್ನುವ ಧಾಟಿಯಲ್ಲಿ ಹೇಳಿದ್ದ. ಆಮೇಲೆ ತಿಳಿಯಿತು, ಆ ಸರಣಿಯ ಓದುಗರಲ್ಲಿ ಜಗತ್ತಿನಾದ್ಯಂತ ಇದೇ ಮಾತು ಚಾಲ್ತಿಯಲ್ಲಿದೆ. ಆ ಮೂರು ಸಂಪುಟಗಳ ನಡಿಗೆಗೆ ಅವರು ‘ಸ್ಲಾಗ್’ ಎಂದು ಹೆಸರನ್ನೇ ಇಟ್ಟಿದ್ದಾರೆ. ಕೆಸರುಗದ್ದೆಯಲ್ಲಿ ಕಾಲು ಕಿತ್ತು ಕಿತ್ತು ಇಡುವ ನಡಿಗೆ.

ಈ ಸರಣಿಯ ಕಥೆ ವಿವರವಾಗಿ ಹೇಳುವಂಥದ್ದು. ಜೋರ್ಡನ್ ಅಮೆರಿಕದ ದಕ್ಷಿಣ ಕರೋಲಿನಾದ ಚಾರ್ಲ್ಸ್‌ಟನ್ನಿನವರು, ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನಲ್ಲಿ ಕೂತು ಹೋರಾಡಿ ಬಂದವರು. ‘ವೀಲ್ ಆಫ್ ಟೈಮ್’ ಸರಣಿಯ ಮೊದಲ ಸಂಪುಟ 1990ರಲ್ಲಿ ಬಂತು. ಆರರಲ್ಲಿ ಮುಗಿಯುವ ಲೆಕ್ಕವಿತ್ತು. ಆರು ಕಳೆದು ಎಂಟಾಯಿತು, ಹತ್ತಾಯಿತು, ಹೆಸರಿರುವ ಪಾತ್ರಗಳೇ ಎರಡು ಸಾವಿರ ದಾಟಿದವು. 2006ರಲ್ಲಿ ತಮಗೆ ಹೃದಯದ ಸ್ನಾಯುವನ್ನು ಗಟ್ಟಿ ಮಾಡುತ್ತಾ ಹೋಗುವ ಅಪರೂಪದ ರೋಗ ಬಂದಿದೆ ಎಂದು ಅವರೇ ಓದುಗರಿಗೆ ತಿಳಿಸಿದರು. ಹನ್ನೆರಡನೆಯದೇ ಕೊನೆಯ ಪುಸ್ತಕ, ಎಷ್ಟೇ ದಪ್ಪವಾದರೂ ಒಂದರಲ್ಲೇ ಮುಗಿಸುತ್ತೇನೆ ಎಂದು ಹಟ ಹಿಡಿದು ಕೂತರು. ಕೂತು ಬರೆಯಲಾರದ ದಿನಗಳಲ್ಲಿ ಬಾಯಲ್ಲಿ ಹೇಳಿದ್ದನ್ನು ಮನೆಯವರು ಧ್ವನಿಮುದ್ರಿಸಿಕೊಂಡರು. ಸರಣಿಯ ಕಟ್ಟಕಡೆಯ ದೃಶ್ಯವನ್ನು ಮಾತ್ರ ಅವರೇ ಬರೆದಿಟ್ಟಿದ್ದರು. 2007ರ ಸೆಪ್ಟೆಂಬರ್ 16ರಂದು ತೀರಿಕೊಂಡರು.

ಆಗ ಈ ಸರಣಿಗೆ ಜಾಮೀನು ನಿಂತಿದ್ದ ಸಾವಿರಾರು ಮಂದಿಯ ಪಾಡು ಏನಾಗಿರಬೇಕು? ಗೆಳೆಯರನ್ನು, ತಮ್ಮಂದಿರನ್ನು, ಹಾಸ್ಟೆಲಿನ ರೂಂಮೇಟುಗಳನ್ನು ಹನ್ನೊಂದನೇ ಸಂಪುಟದವರೆಗೆ ಕೈಹಿಡಿದು ಕರೆತಂದು ನಡುನೀರಿನಲ್ಲಿ ನಿಲ್ಲಿಸಿದ್ದಾಗಿತ್ತು. ಜೋರ್ಡನ್ನರ ಹೆಂಡತಿ ಹ್ಯಾರಿಯೆಟ್ ಮ್ಯಾಕ್‌ಡೂಗಲ್ ಆ ಸರಣಿಯ ಸಂಪಾದಕಿಯೂ ಆಗಿದ್ದರು. ಗಂಡ ಹೋದ ಮೇಲೆ ಬಂದ ನುಡಿನಮನಗಳಲ್ಲಿ ಬ್ರಾಂಡನ್ ಸ್ಯಾಂಡರ್‌ಸನ್ ಎಂಬ, ಆಗಷ್ಟೇ ಒಂದೆರಡು ಕಾದಂಬರಿ ಬರೆದಿದ್ದ ಯುವಕನ ಬರಹ ಅವರ ಕಣ್ಣಿಗೆ ಬಿತ್ತು. ಸ್ಯಾಂಡರ್‌ಸನ್ ಹದಿಹರೆಯದಲ್ಲಿ ಈ ಸರಣಿ ಹಿಡಿದು ಬೆಳೆದ ಓದುಗ. ಉಳಿದದ್ದನ್ನು ನೀವು ಬರೆದು ಮುಗಿಸುತ್ತೀರಾ ಎಂದು ಆಕೆ ಅವರನ್ನೇ ಕೇಳಿದರು. ಒಂದು ಪುಸ್ತಕ ಅಂದುಕೊಂಡಿದ್ದು ಮೂರಾಯಿತು: 2009, 2010, ಮತ್ತು ಕೊನೆಯದು 2013ರ ಜನವರಿಯಲ್ಲಿ. ಒಟ್ಟು ಹದಿನಾಲ್ಕು. ಸಾಲಗಾರ ಕಣ್ಮುಚ್ಚಿದಾಗ ಸಹಿ ಹಾಕಿದವನೇ ಎದ್ದುನಿಂತು ಪೂರಾ ತೀರಿಸಿದ ಹಾಗೆ. ಕೊನೆಯ ಮೂರರ ಗದ್ಯ ಜೋರ್ಡನ್ನರದಲ್ಲ ಎಂದು ಗೊಣಗುವವರಿದ್ದಾರೆ. ಇರಲಿ, ನನಗೂ ಮ್ಯಾಟ್ ಕಾಥನ್ ಎಂಬ ಪಾತ್ರದ ತಮಾಷೆ ಅಲ್ಲಿ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿದೆ. ಆದರೆ ಗೊಣಗುವುದಕ್ಕೂ ಕೊನೆ ಎನ್ನುವುದು ಒಂದು ಬೇಕಲ್ಲ.

ಆ ಭಾಗ್ಯ ಇಲ್ಲದವರು ಜಾರ್ಜ್ ಆರ್. ಆರ್. ಮಾರ್ಟಿನ್ನರ ಓದುಗರು. ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ 1996ರಲ್ಲಿ ಶುರುವಾಯಿತು, ಐದನೆಯದು 2011ರಲ್ಲಿ ಬಂತು. ಆರನೆಯದಕ್ಕೆ ಕಾದವರ ಮಕ್ಕಳು ಈಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾರೆ. ನನ್ನ ಅಣ್ಣನ ಮಗಳ ವಯಸ್ಸಿನವರು ಅದಕ್ಕೇ ಈಗ ಜಾಣರಾಗಿಬಿಟ್ಟಿದ್ದಾರೆ. ಯಾವುದೇ ಸರಣಿಯ ಹೆಸರೆತ್ತಿದರೂ ಅವಳ ಮೊದಲ ಪ್ರಶ್ನೆ, ‘ಅತ್ತೆ, ಮುಗಿದಿದೆಯಾ?’ ಕಥೆ ಏನು, ಯಾರು ಬರೆದದ್ದು, ಚೆನ್ನಾಗಿದೆಯೇ ಎಲ್ಲ ಆಮೇಲೆ. ಸೈಟು ಕೊಳ್ಳುವವರು ಖಾತೆ ಆಗಿದೆಯಾ ಎಂದು ಕೇಳುವಂತೆ ಕೇಳುತ್ತಾಳೆ. ಇದರಲ್ಲಿ ತಪ್ಪಿಲ್ಲ, ಆದರೆ ಒಂದು ತೊಡಕಿದೆ. ಮುಗಿಯುವ ತನಕ ಯಾರೂ ಮೊದಲ ಸಂಪುಟ ಕೊಳ್ಳದಿದ್ದರೆ ಪ್ರಕಾಶಕ ಎರಡನೆಯದನ್ನೇ ಅಚ್ಚು ಹಾಕುವುದಿಲ್ಲ. ಮೊದಲೇ ನಂಬಿ ಕೊಂಡು, ಊರೆಲ್ಲ ಹೇಳಿಕೊಂಡು ತಿರುಗಿದ ಒಂದಿಷ್ಟು ಹುಚ್ಚರಿಂದಲೇ ಮಿಕ್ಕವರಿಗೆ ಮುಗಿದ ಸರಣಿ ಸಿಗುವುದು.

ಕಾಯುವವರ ಸಂಕಟವನ್ನು ಸ್ಟೀಫನ್ ಕಿಂಗ್ ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಅವರ ‘ಡಾರ್ಕ್ ಟವರ್’ ಮಾಯಾಲೋಕಕ್ಕೂ ದೆವ್ವದ ಕಥೆಗೂ ನಡುವೆ ಕಾಲಿಟ್ಟು ನಿಂತ ಸರಣಿ. 1970ರಲ್ಲಿ ಬರೆಯಲು ತೊಡಗಿದ್ದು, ಮೊದಲ ಪುಸ್ತಕ 1982ರಲ್ಲಿ. ಮೂರನೆಯದನ್ನು 1991ರಲ್ಲಿ ಎಲ್ಲಿ ನಿಲ್ಲಿಸಿದರು ಗೊತ್ತೇ? ಹುಚ್ಚು ಹಿಡಿದ, ಮಾತಾಡುವ ರೈಲೊಂದರಲ್ಲಿ ನಾಯಕನ ತಂಡ ಕೂತಿದೆ, ಒಗಟಿನಲ್ಲಿ ತನ್ನನ್ನು ಸೋಲಿಸದಿದ್ದರೆ ಎಲ್ಲರನ್ನೂ ಕೊಲ್ಲುತ್ತೇನೆಂದು ರೈಲು ಹೇಳುತ್ತಿದೆ. ಅಲ್ಲಿಗೆ ಪುಸ್ತಕ ಮುಗಿಯಿತು. ಮುಂದಿನದು ಬಂದದ್ದು 1997ರಲ್ಲಿ. ಆರು ವರ್ಷ ಜನ ಆ ರೈಲಿನಲ್ಲೇ ಕೂತಿದ್ದರು. ಈ ನಡುವೆ ಕಿಂಗ್‌ಗೆ ಬಂದ ಕಾಗದಗಳಲ್ಲಿ ಎರಡರ ವಿಷಯವನ್ನು ಅವರೇ ಬರೆದುಕೊಂಡಿದ್ದಾರೆ. ಒಂದು, ಕ್ಯಾನ್ಸರ್ ಆಗಿ ಹೆಚ್ಚು ದಿನ ಉಳಿದಿಲ್ಲದ ಒಬ್ಬ ಅಜ್ಜಿಯದು. ಇನ್ನೊಂದು, ಮರಣದಂಡನೆಗೆ ಕಾದು ಕೂತ ಕೈದಿಯದು. ಇಬ್ಬರದೂ ಒಂದೇ ಬೇಡಿಕೆ: ಕೊನೆಗೆ ಏನಾಗುತ್ತದೆ ಎಂದು ನಮಗಷ್ಟೇ ಹೇಳಿ, ಗುಟ್ಟನ್ನು ನಮ್ಮ ಜೊತೆಗೇ ಒಯ್ಯುತ್ತೇವೆ. ಕಿಂಗ್‌ಗೆ ಹೇಳುವ ಮನಸ್ಸಿತ್ತು, ಆದರೆ ಹೇಳಲಾಗಲಿಲ್ಲ. ಕೊನೆ ಏನೆಂದು ಅವರಿಗೇ ಗೊತ್ತಿರಲಿಲ್ಲ! 1999ರ ಜೂನ್ 19ರಂದು ರಸ್ತೆಬದಿಯಲ್ಲಿ ನಡೆದು ಹೋಗುತ್ತಿದ್ದಾಗ ವ್ಯಾನ್ ಗುದ್ದಿ, ಸಾವಿನ ಅಂಚಿಗೆ ಹೋಗಿ ಬಂದ ಮೇಲೆ ಅವರು ಉಳಿದ ಮೂರು ಸಂಪುಟಗಳನ್ನು ಒಂದೇ ಉಸಿರಿಗೆ ಬರೆದು 2004ರ ಹೊತ್ತಿಗೆ ಮುಗಿಸಿಬಿಟ್ಟರು. ಆ ಅಪಘಾತವನ್ನೂ ಕಥೆಯೊಳಗೆ ಎಳೆದು ತಂದರು.

ಇನ್ನು, ಎಲ್ಲಿಂದ ಶುರು ಮಾಡಬೇಕು ಎಂಬ ಜಗಳ. ಇದು ಶೈವ ವೈಷ್ಣವರ ಜಗಳಕ್ಕಿಂತ ಸ್ವಲ್ಪವೇ ಸೌಮ್ಯ. ಸಿ. ಎಸ್. ಲೂಯಿಸರ ‘ನಾರ್ನಿಯಾ’ ಏಳು ಪುಸ್ತಕಗಳು, 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದವು. ಮೊದಲು ಬಂದದ್ದು ಬಟ್ಟೆ ಬೀರುವಿನೊಳಗೆ ಹೊಕ್ಕು ಹಿಮದ ನಾಡಿಗೆ ಹೋಗುವ ಮಕ್ಕಳ ಕಥೆ. ಆ ನಾಡು ಹುಟ್ಟಿದ್ದು ಹೇಗೆ ಎಂಬುದು ಬಂದದ್ದು ಆರನೆಯದಾಗಿ, 1955ರಲ್ಲಿ. ಹಾಗಾದರೆ ಓದುವುದು ಬರೆದ ಕ್ರಮದಲ್ಲೋ ನಡೆದ ಕ್ರಮದಲ್ಲೋ? ಅಮೆರಿಕದ ಒಬ್ಬ ಹುಡುಗನಿಗೂ ಅವನ ತಾಯಿಗೂ ಇದೇ ವಾದ ಬಿದ್ದು, ನಡೆದ ಕ್ರಮದ ಪರವಾಗಿದ್ದ ಹುಡುಗ ಲೇಖಕರಿಗೇ ಕಾಗದ ಹಾಕಿದ. ನಿನ್ನ ಕ್ರಮವೇ ನನಗೂ ಸ್ವಲ್ಪ ಹೆಚ್ಚು ಇಷ್ಟ, ಆದರೆ ಯಾವ ಕ್ರಮವಾದರೂ ಅಂಥ ವ್ಯತ್ಯಾಸವೇನಿಲ್ಲ ಎಂಬರ್ಥದಲ್ಲಿ ಲೂಯಿಸ್ 1957ರಲ್ಲಿ ಉತ್ತರಿಸಿದರು. ಹುಡುಗನ ಮನಸ್ಸು ನೋಯಿಸಬಾರದೆಂದು ಹಿರಿಯರೊಬ್ಬರು ಬರೆದ ಆ ನಾಲ್ಕು ಸಾಲು ಇಟ್ಟುಕೊಂಡು, 1994ರಿಂದೀಚೆಗೆ ಪ್ರಕಾಶಕರು ಪುಸ್ತಕಗಳ ಬೆನ್ನಿನ ನಂಬರನ್ನೇ ಬದಲಿಸಿದರು. ನಾನು ತಾಯಿಯ ಪಕ್ಷ. ಬೀರುವಿನ ಬಾಗಿಲು ತೆರೆದಾಗ ಆ ಹುಡುಗಿಗೆ ಎಷ್ಟು ಗೊತ್ತಿತ್ತೋ ಓದುವವರಿಗೂ ಅಷ್ಟೇ ಗೊತ್ತಿರಬೇಕು.

ಟೆರಿ ಪ್ರಾಚೆಟ್ ವಿಷಯದಲ್ಲಿ ಇನ್ನೊಂದು ತಮಾಷೆ. ‘ಡಿಸ್ಕ್‌ವರ್ಲ್ಡ್’ ನಲವತ್ತೊಂದು ಕಾದಂಬರಿಗಳು, 1983ರಿಂದ 2015ರವರೆಗೆ. ಅಲ್ಲಿ ಭೂಮಿ ತಟ್ಟೆಯಂತೆ ಚಪ್ಪಟೆ. ಅದನ್ನು ನಾಲ್ಕು ಆನೆ ಹೊತ್ತಿವೆ, ಆನೆಗಳನ್ನು ಆಮೆ ಹೊತ್ತಿದೆ. ದಿಗ್ಗಜಗಳನ್ನೂ ಆದಿಕೂರ್ಮನನ್ನೂ ಅಜ್ಜಿಯ ಬಾಯಲ್ಲಿ ಕೇಳಿದ ನಮ್ಮವರಿಗೆ ಅಲ್ಲಿ ಪಾಸ್‌ಪೋರ್ಟೇ ಬೇಡ. ಪ್ರಾಚೆಟ್ ಅಭಿಮಾನಿಯನ್ನು ಕೇಳಿ ನೋಡಿ, ‘ಮೊದಲನೆಯದರಿಂದ ಮಾತ್ರ ಶುರು ಮಾಡಬೇಡಿ’ ಎನ್ನುತ್ತಾರೆ. ಲೇಖಕನ ಮೇಲಿನ ಪ್ರೀತಿಯಿಂದಲೇ ಲೇಖಕನ ಮೊದಲ ಪುಸ್ತಕವನ್ನು ಬಚ್ಚಿಡುವ ಜನ ಇವರೊಬ್ಬರೇ. ಸಾವು ಎಂಬ ಪಾತ್ರ ಒಬ್ಬ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವ ‘ಮಾರ್ಟ್’ ಅಥವಾ ಊರ ಕಾವಲುಗಾರರ ‘ಗಾರ್ಡ್ಸ್! ಗಾರ್ಡ್ಸ್!’ ಕೈಗಿಡುತ್ತಾರೆ. ನಾನೂ ಅದನ್ನೇ ಮಾಡುತ್ತೇನೆ. ಹೆಣ್ಣು ತೋರಿಸುವ ದಿನ ಮನೆಯ ಮುಂಗೋಪಿ ಮಾವನನ್ನು ತೋಟಕ್ಕೆ ಕಳಿಸುವುದಿಲ್ಲವೇ, ಹಾಗೆ.

ಹೀಗೆ ಬಾಯಿಂದ ಬಾಯಿಗೆ ಹೋಗುವ ಮಾತಿನ ತೂಕ ಎಷ್ಟು ಎಂಬುದನ್ನು 1965ರಲ್ಲಿ ಅಮೆರಿಕದ ಏಸ್ ಎಂಬ ಪ್ರಕಾಶನ ಸಂಸ್ಥೆ ಕಲಿತುಕೊಂಡಿತು. ಅಲ್ಲಿನ ಹಕ್ಕುಸ್ವಾಮ್ಯದ ಕಾನೂನಿನ ಸಂದಿನಲ್ಲಿ ನುಸುಳಿ, ಟೋಲ್ಕಿನ್ನರ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರೂ ಸಂಪುಟಗಳನ್ನು ಅವರ ಅನುಮತಿ ಇಲ್ಲದೆ, ಸಂಭಾವನೆ ಕೊಡದೆ, 75 ಸೆಂಟಿನ ಅಗ್ಗದ ಪ್ರತಿಯಾಗಿ ಆ ಸಂಸ್ಥೆ ಅಚ್ಚು ಹಾಕಿತು. ಆಕ್ಸ್‌ಫರ್ಡಿನ ಆ ವಯಸ್ಸಾದ ಪ್ರೊಫೆಸರ್ ಅಮೆರಿಕದಿಂದ ಬಂದ ಅಭಿಮಾನಿಗಳ ಕಾಗದಗಳಿಗೆಲ್ಲ ಉತ್ತರ ಬರೆಯುವಾಗ ಕೆಳಗೊಂದು ಮಾತು ಸೇರಿಸತೊಡಗಿದರು: ಆ ಪ್ರತಿ ನಾನು ಒಪ್ಪಿದ್ದಲ್ಲ, ನಿಮ್ಮ ಸ್ನೇಹಿತರಿಗೂ ತಿಳಿಸಿ. ಓದುಗರು ತಿಳಿಸಿದರು, ಅಂಗಡಿಗಳಲ್ಲಿ ಗಲಾಟೆ ಮಾಡಿದರು. ಬ್ಯಾಲಂಟೈನ್ ಸಂಸ್ಥೆಯ ಅಧಿಕೃತ ಪ್ರತಿ ಬೆಲೆ ಹೆಚ್ಚಿದ್ದರೂ ಗೆದ್ದಿತು. ಏಸ್ ಕೊನೆಗೆ ಸಂಭಾವನೆ ಕೊಟ್ಟು, ಮರುಮುದ್ರಣ ಮಾಡುವುದಿಲ್ಲವೆಂದು ಒಪ್ಪಿಕೊಂಡಿತು. ಇಷ್ಟೆಲ್ಲದರ ಗದ್ದಲದಿಂದಲೇ ಆ ಪುಸ್ತಕ ಅಮೆರಿಕದ ಕಾಲೇಜು ಹುಡುಗರಿಗೆಲ್ಲ ತಲುಪಿತು ಎಂಬುದು ಇದರ ಒಗ್ಗರಣೆ.

ದೆವ್ವದ ಕಥೆಯ ಓದುಗರ ಶಿಫಾರಸು ಬೇರೆಯೇ ಜಾತಿ. ಮಾಯಾಲೋಕ ಎಷ್ಟು ಸಂಪುಟವಾದರೂ ಹಿಗ್ಗುತ್ತದೆ: ಒಂದು ಬೆಟ್ಟ ಏರಿದರೆ ಇನ್ನೊಂದು ರಾಜ್ಯ, ನಕ್ಷೆಯ ಅಂಚಿನಲ್ಲಿ ಇನ್ನೊಂದು ಸಮುದ್ರ. ಭಯಕ್ಕೆ ಆ ಗುಣವಿಲ್ಲ. ಮೊದಲ ಭಾಗದಲ್ಲಿ ಮಹಡಿಯ ಮೇಲೆ ಹೆಜ್ಜೆಸಪ್ಪಳ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಎರಡನೆಯದರಲ್ಲಿ ಅದು ಯಾರದೆಂದು ತಿಳಿದಿರುತ್ತದೆ, ಮೂರನೆಯದಕ್ಕೆ ಬರುವಾಗ ದೆವ್ವ ಬಾಡಿಗೆದಾರನಷ್ಟು ಪರಿಚಿತ. ಕಾಷ್ಮೋರಾ ‘ತುಳಸಿದಳ’ದಲ್ಲಿ ಹೆದರಿಸಿದಷ್ಟು ಅದರ ಮುಂದುವರಿಕೆ ‘ತುಳಸಿ’ಯಲ್ಲಿ ನನ್ನನ್ನು ಹೆದರಿಸಲಿಲ್ಲ. ರವಿ ಬೆಳಗೆರೆಯವರ ‘ಮಾಟಗಾತಿ’ ಓದಿ ದೀಪ ಹಾಕಿಕೊಂಡೇ ಮಲಗಿದ ಗೆಳತಿ ‘ಸರ್ಪ ಸಂಬಂಧ’ವನ್ನು ಬಸ್ಸಿನಲ್ಲಿ ಕಡಲೆಕಾಯಿ ತಿನ್ನುತ್ತಾ ಓದಿದಳು. ಪುಸ್ತಕದ ತಪ್ಪಲ್ಲ, ಭಯದ ಸ್ವಭಾವವೇ ಹಾಗೆ. ಅದಕ್ಕೇ ಹಾರರ್ ಓದುಗರು ಸಂಪುಟಗಳ ಲೆಕ್ಕ ಕೊಡುವುದಿಲ್ಲ. ‘ಒಬ್ಬಳೇ ಇದ್ದಾಗ ಓದಬೇಡ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ನಮ್ಮತ್ತೆ ಮಾಡಿದ್ದೂ ಅದನ್ನೇ.

ಆದರೂ ಒಬ್ಬ ಭಯದ ಲೇಖಕ ಬದುಕಿ ಉಳಿದದ್ದು ಪೂರ್ತಿಯಾಗಿ ಗೆಳೆಯರ ಜಾಮೀನಿನ ಮೇಲೆ. ಎಚ್. ಪಿ. ಲವ್‌ಕ್ರಾಫ್ಟ್ 1937ರಲ್ಲಿ ಪ್ರಾವಿಡೆನ್ಸಿನಲ್ಲಿ ಬಡವರಾಗಿಯೇ ಸತ್ತಾಗ ಅವರ ಕಥೆಗಳು ಅಗ್ಗದ ಮಾಸಪತ್ರಿಕೆಗಳಲ್ಲಿ ಚದುರಿ ಬಿದ್ದಿದ್ದವು. ಅವರೊಡನೆ ವರ್ಷಗಟ್ಟಲೆ ಕಾಗದ ಬರೆದುಕೊಂಡಿದ್ದ ಆಗಸ್ಟ್ ಡೆರ್‌ಲೆತ್ ಮತ್ತು ಡೊನಾಲ್ಡ್ ವಾಂಡ್ರೈ ಪ್ರಕಾಶಕರ ಬಾಗಿಲು ತಟ್ಟಿ ಸೋತು, 1939ರಲ್ಲಿ ಆರ್ಕಮ್ ಹೌಸ್ ಎಂಬ ಪ್ರಕಾಶನವನ್ನೇ ಹುಟ್ಟುಹಾಕಿದರು. ಮೊದಲ ಸಂಕಲನದ 1,268 ಪ್ರತಿಗಳು ಖಾಲಿಯಾಗಲು ವರ್ಷಗಳೇ ಹಿಡಿದವು. ಇವತ್ತು ಆ ಲೇಖಕನ ಹೆಸರಿಲ್ಲದೆ ಹಾರರ್ ಮಾತೇ ಇಲ್ಲ. ಲವ್‌ಕ್ರಾಫ್ಟ್‌ನನ್ನು ಯಾರಿಗಾದರೂ ಹೇಳುವಾಗ ನಾನು ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಈ ಮನುಷ್ಯನಿಗೆ ಕರಿಯರೆಂದರೆ, ವಲಸಿಗರೆಂದರೆ ವಿಪರೀತ ತಾತ್ಸಾರ, ಅದು ಕಥೆಗಳೊಳಗೂ ನಾರುತ್ತದೆ. ಮಾರುವವನು ಹಸುವಿನ ಸುಳಿ ಹೇಳದಿರಬಹುದು, ಜಾಮೀನುದಾರ ಹೇಳಲೇಬೇಕು.

ಇಷ್ಟೆಲ್ಲ ಇಂಗ್ಲಿಷ್ ಕಪಾಟಿನ ಮಾತಾಯಿತು. ಆದರೆ ಕೆಟ್ಟ ಶಿಫಾರಸಿನ, ಒಳ್ಳೆಯ ಶಿಫಾರಸಿನ ಅತ್ಯಂತ ಹಳೆಯ ಕಥೆ ನಮ್ಮದೇ. ಕಥಾಸರಿತ್ಸಾಗರದ ಮೊದಲಿಗೇ ಬರುತ್ತದೆ. ಯಾರೂ ಕೇಳಿರದ ಕಥೆ ಹೇಳು ಎಂದು ಪಾರ್ವತಿ ಕೇಳಿ, ಶಿವ ಹೇಳಿದ. ಗಣನೊಬ್ಬ ಕದ್ದು ಕೇಳಿ ಹೆಂಡತಿಗೆ ಹೇಳಿದ, ಆಕೆ ಹೋಗಿ ಪಾರ್ವತಿಗೇ ಹೇಳಿದಳು! ಶಾಪ ಬಿತ್ತು. ಅವನಿಗಾಗಿ ಬೇಡಿಕೊಂಡ ಗೆಳೆಯನಿಗೂ ಬಿತ್ತು. ಆ ಗೆಳೆಯನೇ ಭೂಮಿಯಲ್ಲಿ ಗುಣಾಢ್ಯನಾಗಿ ಹುಟ್ಟಿ, ಕಾಡಿನಲ್ಲಿ ಪಿಶಾಚಿಯೊಂದರ ಬಾಯಿಂದ ಆ ಕಥೆ ಕೇಳಿ, ಪೈಶಾಚಿ ಭಾಷೆಯಲ್ಲಿ, ಮಸಿ ಸಿಗದೆ ತನ್ನ ರಕ್ತದಲ್ಲೇ, ಏಳು ವರ್ಷದಲ್ಲಿ ಏಳು ಲಕ್ಷ ಶ್ಲೋಕ ಬರೆದ. ಶಿಷ್ಯರಿಬ್ಬರು ಅದನ್ನು ಹೊತ್ತು ಸಾತವಾಹನ ರಾಜನ ಬಳಿ ಹೋದರು. ಭಾಷೆ ಪಿಶಾಚಿಗಳದು, ಬರೆದದ್ದು ರಕ್ತದಲ್ಲಿ, ಅದೂ ಏಳು ಲಕ್ಷ! ರಾಜ ಮೂಗು ಮುರಿದು ಕಳಿಸಿದ. ಗುಣಾಢ್ಯ ಬೆಟ್ಟದ ಮೇಲೆ ಬೆಂಕಿ ಹಾಕಿ, ಒಂದೊಂದೇ ಓಲೆಯನ್ನು ಗಟ್ಟಿಯಾಗಿ ಓದಿ ಬೆಂಕಿಗೆ ಹಾಕುತ್ತಾ ಹೋದ. ಕಾಡಿನ ಜಿಂಕೆ ಹಂದಿಗಳೆಲ್ಲ ಮೇವು ಬಿಟ್ಟು ಸುತ್ತ ನಿಂತು ಕಣ್ಣೀರು ಹಾಕುತ್ತಾ ಕೇಳಿದವು.

ಅಷ್ಟರಲ್ಲಿ ರಾಜನ ಆರೋಗ್ಯ ಕೆಟ್ಟಿತು. ಒಣಗಿದ ಮಾಂಸ ತಿಂದು ಹೀಗಾಗಿದೆ ಎಂದರು ವೈದ್ಯರು. ಬೇಟೆಗಾರರು ತಂದದ್ದೇ ಇಂಥದ್ದು ಎಂದರು ಅಡುಗೆಯವರು. ಕಾಡಿನಲ್ಲಿ ಯಾರೋ ಏನೋ ಓದುತ್ತಿದ್ದಾನೆ, ಪ್ರಾಣಿಗಳು ಮೇಯುವುದನ್ನೇ ಬಿಟ್ಟಿವೆ ಎಂದರು ಬೇಟೆಗಾರರು. ಆಗ ರಾಜ ಓಡಿದ. ಆರು ಲಕ್ಷ ಬೂದಿಯಾಗಿತ್ತು, ಶಿಷ್ಯರಿಗೆ ಇಷ್ಟವಾದ ಒಂದು ಲಕ್ಷ ಮಾತ್ರ ಉಳಿದಿತ್ತು. ಶಿಷ್ಯರು ಹೊತ್ತು ತಂದಾಗ ಕೇಳದ ದೊರೆಗೆ ಜಿಂಕೆಗಳ ಶಿಫಾರಸು ತಟ್ಟೆಯ ಮೂಲಕ ತಲುಪಿತು.

ಆ ಒಂದು ಲಕ್ಷವೂ ಇಂದು ಮೂಲದಲ್ಲಿಲ್ಲ. ಆದರೆ ಓದಿದವರು ಕೈಬಿಡಲಿಲ್ಲ. ನಮ್ಮ ಗಂಗರ ದೊರೆ ದುರ್ವಿನೀತ ಗುಣಾಢ್ಯನ ಈ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ಅದೂ ಉಳಿಯಲಿಲ್ಲ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ರಾಣಿ ಸೂರ್ಯಮತಿಗಾಗಿ ಬರೆದ ಕಥಾಸರಿತ್ಸಾಗರ ಉಳಿಯಿತು. ವಿಕ್ರಮನ ಹೆಗಲೇರಿದ ಬೇತಾಳ ನಮ್ಮ ಚಂದಮಾಮಕ್ಕೆ ಬಂದದ್ದು ಆ ದಾರಿಯಲ್ಲೇ.

ಅದೇ ಬೃಹತ್ಕಥೆಯ ಒಂದು ಎಳೆ ಹಿಡಿದು ಏಳನೇ ಶತಮಾನದಲ್ಲಿ ಬಾಣಭಟ್ಟ ಹೊಸದೊಂದನ್ನು ನೇಯತೊಡಗಿದ. ಗಿಳಿ ಕಥೆ ಹೇಳುತ್ತದೆ, ಚಂದ್ರ ರಾಜಕುಮಾರನಾಗಿ ಹುಟ್ಟುತ್ತಾನೆ, ಪ್ರೇಮಿಗಳು ಜನ್ಮದಿಂದ ಜನ್ಮಕ್ಕೆ ಹಾಯುತ್ತಾರೆ. ಫ್ಯಾಂಟಸಿ ಎಂದರೆ ಇನ್ನೇನು? ಅದನ್ನು ಅರ್ಧಕ್ಕೆ ಬಿಟ್ಟು ಬಾಣ ತೀರಿಹೋದ. ಉಳಿದರ್ಧ ಬರೆದವನು ಅವನ ಮಗ. ಕಥೆ ಅರ್ಧಕ್ಕೆ ನಿಂತಿತಲ್ಲಾ ಎಂದು ಸಜ್ಜನರು ಪಡುವ ಸಂಕಟ ನೋಡಲಾರದೆ ಕೈ ಹಾಕಿದೆ, ಕವಿ ಎಂಬ ಹಮ್ಮಿನಿಂದಲ್ಲ ಎಂದು ಅವನು ಮೊದಲಿಗೇ ಹೇಳಿಕೊಳ್ಳುತ್ತಾನೆ. ಆ ಗ್ರಂಥವನ್ನು ಹತ್ತನೇ ಶತಮಾನದ ಕೊನೆಯಲ್ಲಿ ನಾಗವರ್ಮ ಕನ್ನಡಕ್ಕೆ ತಂದ. ಅದರ ಹೆಸರು ‘ಕಾದಂಬರಿ’. ನಾವು ಕನ್ನಡಿಗರೂ ಮರಾಠಿಗರೂ ಇಡೀ ಒಂದು ಸಾಹಿತ್ಯ ಪ್ರಕಾರಕ್ಕೆ ಇಟ್ಟುಕೊಂಡಿರುವ ಹೆಸರು, ಬರೆದವನು ಮುಗಿಸದೆ ಹೋಗಿ ಮತ್ತೊಬ್ಬ ತೀರಿಸಿದ ಒಂದು ಸಾಲದ್ದು. ಮಾರ್ಟಿನ್ನರ ಓದುಗರಿಗೆ ಇದನ್ನು ಹೇಳಿದರೆ ಸಮಾಧಾನವಾಗುತ್ತದೋ ಇಲ್ಲವೋ, ನನಗಂತೂ ಹೇಳುವುದರಲ್ಲಿ ಖುಷಿಯಿದೆ.

ಅತ್ತೆಯ ಕಥೆ ಬಾಕಿ ಇದೆ. ಅವರು ಅಂದು ಹೇಳಿದ ಕೊನೆ ನನಗೆ ಚೆನ್ನಾಗಿ ನೆನಪಿತ್ತು. ದೊಡ್ಡ ದೊಡ್ಡ ಡಾಕ್ಟರುಗಳೂ ಮಂತ್ರವಾದಿಗಳೂ ಕೈಚೆಲ್ಲಿದ ಮೇಲೆ, ಆ ಮನೆಗೆ ಹಾಲು ತಂದುಕೊಡುತ್ತಿದ್ದ ಮುದುಕಿಯೊಬ್ಬಳು ಸೀದಾ ಒಳಗೆ ಬರುತ್ತಾಳೆ. ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ತಂದು, ಮಗುವಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಮೆಣಸಿನಕಾಯಿ ಘಾಟೇ ಬರುವುದಿಲ್ಲ. ‘ಆವಾಗಲೇ ಗೊತ್ತಾಗೋಯ್ತು ಅದು ಎಷ್ಟು ದೊಡ್ಡ ದೃಷ್ಟಿ ಅಂತ’ ಎಂದಿದ್ದರು ಅತ್ತೆ, ಹುರುಳಿಕಾಯಿಯ ನಾರು ಎಳೆಯುತ್ತಾ. ಮಗು ಎದ್ದು ಕೂತು ಮೊಸರನ್ನ ಕೇಳಿತಂತೆ.

ಎಷ್ಟೋ ವರ್ಷದ ಮೇಲೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ‘ತುಳಸಿದಳ’ದ ಇಡೀ ಪ್ರತಿ ಸಿಕ್ಕಿತು. ನಿಂತಲ್ಲೇ ಕೊನೆಯ ಅಧ್ಯಾಯ ಓದಿದೆ. ಹಾಲಿನ ಮುದುಕಿ ಇಲ್ಲ. ಉಪ್ಪೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಲೇಖಕರು ವಿಜ್ಞಾನವನ್ನೂ ಮಂತ್ರವನ್ನೂ ಎದುರುಬದುರು ನಿಲ್ಲಿಸಿ, ಉಳಿಸಿದ್ದು ಯಾವುದು ಎಂದು ಓದುವವರೇ ತೀರ್ಮಾನಿಸಲಿ ಎಂದು ಬಿಟ್ಟಿದ್ದರು.

ಹಬ್ಬಕ್ಕೆ ಊರಿಗೆ ಹೋದಾಗ ಅತ್ತೆಯನ್ನು ಕೇಳಿಯೇಬಿಟ್ಟೆ. ಅವರಿಗೆ ಆಗ ಎಪ್ಪತ್ತರ ಹತ್ತಿರ. ಕನ್ನಡಕ ಮೇಲೆತ್ತಿ ನೋಡಿದರು.

‘ಆ ಪುಸ್ತಕದಲ್ಲಿ ನಾನು ಓದೋವಾಗ್ಲೇ ಕೊನೆ ಹಾಳೆ ಇರಲಿಲ್ಲ ಕಣೇ’ ಎಂದರು. ‘ನೀನು ಬಂದು ಮುಖ ಸಣ್ಣ ಮಾಡ್ಕೊಂಡು ನಿಂತಿದ್ದೆ. ಇಲ್ಲ ಅನ್ನೋಕೆ ಆಗುತ್ತಾ?’